ಸಿಲಿಂಡರ್ ಕೊಡುವವರಿದ್ದಾರೆ, ಟೆಸ್ಟ್ ಮಾಡಿಸುವವರು ಯಾರು?

ಹೊಳೆ ಬದಿಯ ಊರೊಂದರ ಯುವಕರ ಸಂಘದ ಕೋಣೆಗೆ ಇತ್ತೀಚೆಗೆ ಹೋಗಿದ್ದೆವು. ಮೂಲೆಯಲ್ಲಿ ಮೂರು ಸ್ಕೂಬಾ ಸಿಲಿಂಡರ್‌ಗಳು ನಿಂತಿದ್ದವು. ಹಸಿರು ಬಣ್ಣ, ಅದರ ಮೇಲೆ ಬಿಳಿ ಅಕ್ಷರದಲ್ಲಿ ಸಂಘದ ಹೆಸರು, ಕೆಳಗೆ ದಾನಿಗಳ ಹೆಸರು. ಕೊನೆಗೆ ಟೆಸ್ಟ್ ಮಾಡಿಸಿದ್ದು ಯಾವಾಗ ಎಂದು ಕೇಳಿದೆವು. "ಟೆಸ್ಟ್ ಎಂತದ್ದು ಕಾಕ, ಒಳಗೆ ಇರುವುದು ಬರೀ ಗಾಳಿ ಅಲ್ವಾ?" ಎಂದ ಒಬ್ಬ ಹುಡುಗ. ಕತ್ತಿನ ಹತ್ತಿರ ಕೊರೆದಿರುವ ತಾರೀಕು ನೋಡೋಣವೆಂದರೆ ಅದರ ಮೇಲೆಯೇ ಪೈಂಟ್ ಬಳಿದಿದ್ದರು. ಕೀಲಿಯ ತುದಿಯಿಂದ ಕೆರೆದಾಗ ಕಂಡದ್ದು ಎಂಟು ವರ್ಷ ಹಿಂದಿನ ತಿಂಗಳು.

ಆ ಹುಡುಗರನ್ನು ಹಗುರವಾಗಿ ಮಾತನಾಡಲು ನಮಗೆ ಮನಸ್ಸಿಲ್ಲ. ಮಳೆಗಾಲದಲ್ಲಿ ಯಾರದೋ ಮಗು ಹೊಳೆಗೆ ಬಿದ್ದಿತೆಂದರೆ ರಾತ್ರಿ ಎರಡು ಗಂಟೆಗೂ ಎದ್ದು ಓಡುವವರು ಅವರೇ. ನಮ್ಮ ಕರಾವಳಿಯಲ್ಲಿ ಇದು ಹೊಸ ಸಂಗತಿಯಲ್ಲ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿ ಗಂಗಾವಳಿ ನದಿ ಸೇರಿದಾಗ, ನೌಕಾಪಡೆಯವರ ಜೊತೆಗೆ ಮಲ್ಪೆಯ ಈಶ್ವರ್ ಅವರ ತಂಡವೂ ಆ ಕೆಂಪು ನೀರಿಗೆ ಇಳಿದದ್ದನ್ನು ಎಲ್ಲರೂ ಕಂಡಿದ್ದೇವೆ. ಸಂಬಳವಿಲ್ಲದೆ ಇಂಥ ಕೆಲಸಕ್ಕೆ ಇಳಿಯುವವರು ಊರೂರಲ್ಲಿದ್ದಾರೆ, ನಮ್ಮ ಮನೆಗಳಲ್ಲೂ ಇದ್ದಾರೆ. ಆದುದರಿಂದಲೇ ಈ ಮಾತು ಹೇಳಬೇಕಾಗಿದೆ. ಇನ್ನೊಬ್ಬರ ಮಗುವನ್ನು ಹುಡುಕಲು ಹೋಗುವವನ ಬೆನ್ನಿನ ಮೇಲೆ ನಾವು ಏನನ್ನು ಕಟ್ಟಿ ಕಳುಹಿಸುತ್ತಿದ್ದೇವೆ?

ಬರೀ ಗಾಳಿ ಎಂಬುದು ಸರಿಯೇ. ಆದರೆ ಎಷ್ಟು ಗಾಳಿ? ಕಾರಿನ ಟಯರಿಗೆ ನಾವು 30-35 ಪೌಂಡ್ ಹಾಕಿಸುತ್ತೇವೆ. ಈ ಸಿಲಿಂಡರಿನಲ್ಲಿ ತುಂಬುವುದು ಸುಮಾರು 3000 ಪೌಂಡ್. 12 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿದರೆ 2400 ಲೀಟರ್ ಗಾಳಿ ಅದರೊಳಗೆ ಕುಗ್ಗಿ ಕೂತಿರುತ್ತದೆ. ಕಬ್ಬಿಣ ಸೋತರೆ ಅಷ್ಟೂ ಒಮ್ಮೆಗೇ ಹೊರಬರುತ್ತದೆ. ಅದಕ್ಕೆ ಬೆಂಕಿ ಬೇಕೆಂದಿಲ್ಲ. ಹೆಚ್ಚಿನ ಅಪಾಯ ನೀರಿನಡಿಯಲ್ಲಲ್ಲ, ಗಾಳಿ ತುಂಬಿಸುವ ಹೊತ್ತಿನಲ್ಲಿ, ಪಕ್ಕದಲ್ಲಿ ನಿಂತವನಿಗೆ.

ಮನೆಯ ಹೆಂಗಸರಿಗೆ ಇದು ಬೇಗ ಅರ್ಥವಾಗುತ್ತದೆ. ಅಡುಗೆ ಗ್ಯಾಸ್ ಸಿಲಿಂಡರಿನ ಹಿಡಿಕೆಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರ, ಪಕ್ಕದಲ್ಲಿ ವರ್ಷದ ಎರಡು ಅಂಕೆ ಇರುತ್ತದೆ. ಬಿ 27 ಎಂದಿದ್ದರೆ 2027ರ ಏಪ್ರಿಲ್‌ನಿಂದ ಜೂನ್ ಒಳಗೆ ಮರುಪರೀಕ್ಷೆ ಆಗಬೇಕು ಎಂದರ್ಥ. ಸಿಎನ್‌ಜಿ ರಿಕ್ಷಾ ಇಟ್ಟಿರುವ ನಮ್ಮ ಅಣ್ಣಂದಿರಿಗೂ ಗೊತ್ತುಂಟು, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಬಿಚ್ಚಿಸಿ ಹೈಡ್ರೋ ಟೆಸ್ಟ್ ಮಾಡಿಸಲೇಬೇಕು. ಆ ಸಿಎನ್‌ಜಿ ಸಿಲಿಂಡರಿನ ಒತ್ತಡವೂ 200 ಬಾರ್, ಸ್ಕೂಬಾದ್ದೂ ಹೆಚ್ಚುಕಡಿಮೆ ಅಷ್ಟೇ. ರಿಕ್ಷಾದ್ದಕ್ಕೆ ಇರುವ ಕಾಳಜಿ ಬೆನ್ನಿಗೆ ಕಟ್ಟಿಕೊಳ್ಳುವುದಕ್ಕೆ ಯಾಕಿಲ್ಲ?

ಟೆಸ್ಟ್ ಎಂದರೆ ದೊಡ್ಡ ರಹಸ್ಯವೇನಿಲ್ಲ. ವಾಲ್ವ್ ಬಿಚ್ಚಿ ಒಳಗೆ ದೀಪ ಬಿಟ್ಟು ನೋಡುತ್ತಾರೆ. ತುಕ್ಕು, ಗುಳಿ, ಕತ್ತಿನ ಥ್ರೆಡ್‌ನಲ್ಲಿ ಬಿರುಕು ಇದೆಯೇ ಎಂದು. ಆಮೇಲೆ ಸಿಲಿಂಡರಿಗೆ ನೀರು ತುಂಬಿಸಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಡ ಕೊಟ್ಟು, ಅದು ಎಷ್ಟು ಉಬ್ಬಿತು, ಒತ್ತಡ ಇಳಿಸಿದ ಮೇಲೆ ಎಷ್ಟು ಹಿಂದೆ ಬಂತು ಎಂದು ಅಳೆಯುತ್ತಾರೆ. 3000 ಪೌಂಡಿನ ಅಲ್ಯುಮಿನಿಯಂ ಸಿಲಿಂಡರಿಗೆ ಅಮೆರಿಕದ ನಿಯಮದಂತೆ 5000 ಪೌಂಡಿನವರೆಗೂ ಕೊಡುತ್ತಾರೆ. ಉಬ್ಬಿದ್ದರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಭಾಗ ಹಾಗೆಯೇ ಉಳಿದರೆ ಸಿಲಿಂಡರ್ ಫೇಲ್. ನೀರನ್ನೇ ಬಳಸುವುದು ಯಾಕೆಂದರೆ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಒಡೆದರೂ ಸಿಡಿಯುವುದಿಲ್ಲ. ಈ ಒತ್ತಡದ ಪರೀಕ್ಷೆ ಐದು ವರ್ಷಕ್ಕೊಮ್ಮೆ, ಒಳಗೆ ದೀಪ ಬಿಟ್ಟು ನೋಡುವುದು ವರ್ಷಕ್ಕೊಮ್ಮೆ. ಇದು ಡೈವಿಂಗ್ ಮಾಡುವವರಲ್ಲಿ ರೂಢಿ. ಉಪ್ಪುನೀರಿನಲ್ಲಿ ಬಳಸುವ ನಮಗೆ ವರ್ಷದ ತಪಾಸಣೆ ತಪ್ಪಲೇಬಾರದು. ಸ್ಟೀಲ್ ಸಿಲಿಂಡರಿನೊಳಗೆ ತೇವ ಹೋದರೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ಒಳಗಿನ ಆಮ್ಲಜನಕವನ್ನೇ ತಿನ್ನುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟ ಸಿಲಿಂಡರಿನ ಗಾಳಿ ಉಸಿರಾಡಲು ಸಾಲದೇ ಹೋಗಬಹುದು.

ಇಷ್ಟೆಲ್ಲ ಗೊತ್ತಿದ್ದ ಹುಡುಗರೂ ಟೆಸ್ಟ್ ಮಾಡಿಸುವುದಿಲ್ಲ. ಕಾರಣ ದುಡ್ಡು. ಸಿಲಿಂಡರ್ ಕೊಡುವಾಗ ಫ್ಲೆಕ್ಸ್ ಇರುತ್ತದೆ, ಶಾಲು ಇರುತ್ತದೆ, ಫೋಟೋ ಇರುತ್ತದೆ. ಐದು ವರ್ಷದ ನಂತರ ವಾಲ್ವಿನ ಒ-ರಿಂಗ್ ಬದಲಿಸಿದ್ದಕ್ಕೆ ಯಾರೂ ಫ್ಲೆಕ್ಸ್ ಹಾಕಿಸುವುದಿಲ್ಲ. ಆಂಬುಲೆನ್ಸ್ ವಿಷಯದಲ್ಲೂ ನಾವು ಇದನ್ನೇ ನೋಡಿದ್ದೇವೆ, ಗಾಡಿ ಉಂಟು, ಇನ್ಶೂರೆನ್ಸ್ ಕಟ್ಟಲು ಇಲ್ಲ. ಮೂರೇ ಸಿಲಿಂಡರ್ ಹಿಡಿದುಕೊಂಡು ದೂರದ ಕೇಂದ್ರಕ್ಕೆ ಹೋದರೆ ಟೆಸ್ಟಿನ ಚಾರ್ಜಿಗಿಂತ ಬಾಡಿಗೆಯೇ ಹೆಚ್ಚಾಗುತ್ತದೆ.

ಹಾಗಾಗಿ ಮೊದಲು ಮಾಡಬೇಕಾದದ್ದು ಒಟ್ಟುಗೂಡುವುದು. ಹತ್ತು ಊರಿನ ಸಂಘಗಳ ಸಿಲಿಂಡರ್ ಒಂದೇ ಪಿಕಪ್‌ನಲ್ಲಿ ಹೋದರೆ ಬಾಡಿಗೆ ಹಂಚಿಹೋಗುತ್ತದೆ, ಕೇಂದ್ರದವರೊಡನೆ ರೇಟು ಮಾತನಾಡಲೂ ಬಾಯಿ ಬರುತ್ತದೆ. ಜಾತಿ ಸಮುದಾಯ ನೋಡದೆ ಮೊಗವೀರ ಯುವಕರ ತಂಡಗಳನ್ನೂ ಕೇಳಬೇಕು. ಹೊಳೆಯಲ್ಲಿ ಎಲ್ಲರೂ ಒಟ್ಟಿಗೇ ಮುಳುಗುವುದು. ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಪ್ರವಾಸಿಗಳನ್ನು ಕರೆದೊಯ್ಯುವ ಡೈವಿಂಗ್‌ನವರಿಗೆ ಮಳೆಗಾಲದಲ್ಲಿ ಕೆಲಸ ಇರುವುದಿಲ್ಲ. ಅವರ ಹತ್ತಿರ ಸಿಲಿಂಡರ್‌ಗಳು ತುಂಬಾ ಉಂಟು, ಅವರೂ ಟೆಸ್ಟಿಗೆ ಕಳುಹಿಸಬೇಕಾದವರೇ. ಅವರ ಲೋಡಿನ ಜೊತೆ ನಮ್ಮದನ್ನೂ ಸೇರಿಸಿಕೊಳ್ಳಲು ಕೇಳಿದರೆ ನಷ್ಟ ಏನೂ ಇಲ್ಲ.

ಕೇಂದ್ರ ಎಂದರೆ ಸ್ಕೂಬಾ ಅಂಗಡಿಯೇ ಆಗಬೇಕೆಂದಿಲ್ಲ. ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರ್, ಸಿಎನ್‌ಜಿ ಸಿಲಿಂಡರ್ ಪರೀಕ್ಷಿಸುವ ಕೇಂದ್ರಗಳಲ್ಲೂ ವಿಚಾರಿಸಬಹುದು. ಆದರೆ ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ಪೆಸೊ, ಅಂದರೆ ಕೇಂದ್ರ ಸರಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆಯ ಮಾನ್ಯತೆ ಆ ಕೇಂದ್ರಕ್ಕೆ ಇರಲೇಬೇಕು. ಹೋಗುವ ಮೊದಲು ಫೋನಿನಲ್ಲೇ ಕೇಳಿ: ಸ್ಕೂಬಾ ಕತ್ತಿನ ಥ್ರೆಡ್‌ಗೆ ಅಡಾಪ್ಟರ್ ಉಂಟಾ, ಟೆಸ್ಟ್ ಆದ ಮೇಲೆ ಒಳಗೆ ಪೂರ್ತಿ ಒಣಗಿಸಿ ಕೊಡುತ್ತೀರಾ, ಸರ್ಟಿಫಿಕೇಟ್ ಜೊತೆ ಸಿಲಿಂಡರಿನ ಮೇಲೂ ತಾರೀಕು ಕೊರೆಯುತ್ತೀರಾ? ಟೆಸ್ಟಿಗೆ ಎಷ್ಟು, ವಾಲ್ವ್ ಸರ್ವಿಸಿಗೆ ಎಷ್ಟು ಎಂದು ಬೇರೆ ಬೇರೆ ಕೇಳಿಸಿಕೊಳ್ಳಿ. ಒಟ್ಟು ಇಷ್ಟು ಎಂದವರ ಹತ್ತಿರ ಎರಡನೇ ಸಲ ಕೇಳಿ.

ಉಳಿಸಬಾರದ ಕಡೆ ಉಳಿಸುವವರೂ ಇದ್ದಾರೆ. ತಾರೀಕು ಮುಗಿದ ಸಿಲಿಂಡರಿಗೆ "ಅರ್ಧ ಮಾತ್ರ ತುಂಬಿಸಿ ಕೊಡಿ, ಸಾಕು" ಎಂದು ಹೇಳುವುದು, ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಎಣ್ಣೆ ಬೆರೆತ ಗಾಳಿಯಾದರೂ ಆದೀತು ಎನ್ನುವುದು, ಇಂಜಿನಿನ ಹೊಗೆ ಪಕ್ಕದಲ್ಲೇ ಬರುತ್ತಿರುವಾಗ ಗಾಳಿ ಎಳೆದುಕೊಳ್ಳುವುದು. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಸಿಲಿಂಡರನ್ನು ಒಲೆಯಂಥ ಬಿಸಿಯಲ್ಲಿಟ್ಟು ಪೌಡರ್ ಕೋಟಿಂಗ್ ಮಾಡಿಸುವುದೂ ತಪ್ಪು, ಅಲ್ಯುಮಿನಿಯಂನ ಬಲವೇ ಹೋಗುತ್ತದೆ. ನಿಜವಾಗಿ ಖರ್ಚು ಕಡಿಮೆ ಮಾಡುವುದು ಮನೆಯ ಬಾವಿನೀರು. ಉಪ್ಪುನೀರಿನಿಂದ ಬಂದ ಕೂಡಲೇ ಸಿಲಿಂಡರ್, ವಾಲ್ವ್, ರೆಗ್ಯುಲೇಟರ್ ಚೆನ್ನಾಗಿ ತೊಳೆಯಬೇಕು, ರೆಗ್ಯುಲೇಟರಿನ ಮುಚ್ಚಳ ಹಾಕಿಯೇ. ಕೆಳಗಿನ ರಬ್ಬರ್ ಬೂಟು ತೆಗೆದು ಒಣಗಿಸಬೇಕು. ಗಾಳಿ ಪೂರ್ತಿ ಖಾಲಿ ಮಾಡಬಾರದು, ಸ್ವಲ್ಪ ಉಳಿದಿದ್ದರೆ ತೇವ ಒಳಹೋಗುವುದಿಲ್ಲ.

ಗಲ್ಫ್‌ನಲ್ಲಿರುವ ನಮ್ಮವರಿಗೂ ಒಂದು ಮಾತು. ಅಲ್ಲಿಂದ ಹಳೆಯ ಸಿಲಿಂಡರ್ ಕಳುಹಿಸುವ ಮೊದಲು ಎರಡು ಸಲ ಯೋಚಿಸಿ. ನಮ್ಮ ದೇಶದ ಗ್ಯಾಸ್ ಸಿಲಿಂಡರ್ ನಿಯಮದ ಪ್ರಕಾರ ಹೊರಗಿನಿಂದ ತರುವ ಸಿಲಿಂಡರಿಗೂ ಅನುಮೋದನೆ ಬೇಕು, ಇಲ್ಲದಿದ್ದರೆ ಇಲ್ಲಿ ತುಂಬಿಸುವವರೂ ಟೆಸ್ಟ್ ಮಾಡುವವರೂ ವಾಪಸ್ ಕಳುಹಿಸುತ್ತಾರೆ. 6351 ಎಂಬ ಹಳೆಯ ಅಲ್ಯುಮಿನಿಯಂ ಮಿಶ್ರಲೋಹದ ಸಿಲಿಂಡರ್‌ಗಳ ಕತ್ತಿನಲ್ಲಿ ಬಿರುಕು ಬಿಟ್ಟು ಸಿಡಿದ ಉದಾಹರಣೆಗಳೂ ಹೊರದೇಶಗಳಲ್ಲಿವೆ. ಆ ಕಾರ್ಗೋ ಖರ್ಚನ್ನೇ ಊರಿನ ಸಂಘಕ್ಕೆ ಟೆಸ್ಟಿನ ಬಾಬ್ತು ಎಂದು ಹೇಳಿ ಕಳುಹಿಸಿದರೆ ಇಲ್ಲಿರುವ ಸಿಲಿಂಡರ್‌ಗಳೇ ಬಳಕೆಗೆ ಬರುತ್ತವೆ.

ನಾವು ಹೋಗಿದ್ದ ಸಂಘದವರು ಮೂರೂ ಸಿಲಿಂಡರನ್ನು ಸದ್ಯ ಬಳಸುವುದಿಲ್ಲ ಎಂದು ಒಪ್ಪಿದ್ದಾರೆ. ಕತ್ತಿನ ಪೈಂಟ್ ಕೆರೆದು ತೆಗೆದಿದ್ದಾರೆ, ದಾನಿಗಳ ಹೆಸರು ಹಾಗೆಯೇ ಇದೆ. ನಿಮ್ಮ ಊರಿನಲ್ಲಿ ಸ್ಕೂಬಾ ಸಿಲಿಂಡರ್ ಇದ್ದರೆ ಕತ್ತಿನ ಮೇಲಿನ ಬರಹದ ಫೋಟೋ, ಕೊನೆಯ ಟೆಸ್ಟಿನ ತಿಂಗಳು ವರ್ಷ, ಸಂಘದ ಹೆಸರು ಬರೆದು ಈ ಪುಟಕ್ಕೆ ಕಳುಹಿಸಿ. ಇಪ್ಪತ್ತು ಸಿಲಿಂಡರ್ ಆದರೆ ಒಂದು ಲೋಡ್ ಆಗುತ್ತದೆ. ಪಿಕಪ್ ಇಟ್ಟಿರುವವರೂ ಬರೆಯಬಹುದು.