ಎದೆ ಸೀಳುತ್ತಾರೆಂಬ ಭಯಕ್ಕೆ ಸ್ಟೆಂಟ್ ಬೇಡ

ಸ್ಟೆಂಟ್‌ಗೆ ನಮ್ಮ ಜನ ‘ಸ್ಪ್ರಿಂಗ್’ ಅನ್ನುತ್ತಾರೆ. ವರದಿಗೆಂದು ಆಸ್ಪತ್ರೆಗಳಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತು ಒಂದೇ: ‘ಎದಿ ಸೀಳೋದು ಬ್ಯಾಡ್ರಿ ಸರ, ಸ್ಪ್ರಿಂಗ್ ಹಾಕಿ ಕಳಿಸ್ರಿ.’ ಒಳಗೆ ಆಂಜಿಯೋಗ್ರಾಂ ಟೇಬಲ್ ಮೇಲೆ ಅಪ್ಪ ಮಲಗಿರುತ್ತಾನೆ, ಹೊರಗೆ ಮಗನ ಕೈಗೆ ಕಾಗದ ಬರುತ್ತದೆ. ಮೂರು ಬ್ಲಾಕ್ ಇವೆ, ಈಗಲೇ ಹಾಕೋಣ, ಸಹಿ ಮಾಡಿ. ಹತ್ತು ನಿಮಿಷದಲ್ಲಿ ಸಹಿ ಬೀಳುತ್ತದೆ, ಅಲ್ಲೇ ನಿಂತು ಬಂಗಾರ ಅಡ ಇಡುವ ಫೋನೂ ಆಗುತ್ತದೆ.

ಪ್ರತಿ ಸಲವೂ ಇಷ್ಟು ಅವಸರ ಬೇಕಿಲ್ಲ.

ಹೃದಯಾಘಾತವಾದರೆ ಮಾತ್ರ ಬೇಕು. ಎದೆ ಹಿಂಡಿದಂತೆ ನೋವು, ಮೈಯೆಲ್ಲ ಬೆವರು ಬಂದರೆ ಇದನ್ನು ಓದುತ್ತ ಕೂರಬೇಡಿ, ಓಡಿ. ಆಗ ಮುಚ್ಚಿದ ರಕ್ತನಾಳವನ್ನು ಬೇಗ ತೆರೆಯುವ ಸ್ಟೆಂಟ್ ಜೀವ ಉಳಿಸುತ್ತದೆ. ದೊಡ್ಡಾಸ್ಪತ್ರೆ ದೂರವಾದರೆ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ.

ಏರು ಹತ್ತಿದಾಗ ನೋವು ಬಂದು, ಕೂತರೆ ಇಳಿಯುವವರ ಕಥೆ ಬೇರೆ. ಇಂಥ 5 ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ‘ಇಸ್ಕೀಮಿಯಾ’ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ, ಮಾತ್ರೆಯಿಂದಲೇ ಶುರು ಮಾಡಿದವರಿಗೂ ಸಾವಿನ ಲೆಕ್ಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ನೋವು ಕಡಿಮೆಯಾಗಿದ್ದು ನಿಜ, ಅದೂ ಸಣ್ಣ ಲಾಭವಲ್ಲ. ಎಡಗಡೆಯ ಮುಖ್ಯ ನಾಳದಲ್ಲೇ ದೊಡ್ಡ ಬ್ಲಾಕ್ ಇದ್ದವರನ್ನು ಮಾತ್ರ ಅದರಲ್ಲಿ ಸೇರಿಸಿರಲಿಲ್ಲ.

ಇನ್ನು ಸಕ್ಕರೆ ಕಾಯಿಲೆಯವರು. ನಮ್ಮ ಚಿಂತೆಯೆಲ್ಲ ಇವರದೇ. ಸಕ್ಕರೆ ಕಾಯಿಲೆ ಜೊತೆಗೆ ಒಂದಕ್ಕಿಂತ ಹೆಚ್ಚು ನಾಳದಲ್ಲಿ ಬ್ಲಾಕ್ ಇದ್ದ 1,900 ಜನರ ‘ಫ್ರೀಡಂ’ ಅಧ್ಯಯನ 2012ರಲ್ಲಿ ಬಂತು. ಐದು ವರ್ಷದಲ್ಲಿ ಸ್ಟೆಂಟ್ ಹಾಕಿಸಿಕೊಂಡ ನೂರು ಜನರಲ್ಲಿ ಸುಮಾರು 16 ಮಂದಿ ತೀರಿಕೊಂಡಿದ್ದರು, ಬೈಪಾಸ್ ಆದವರಲ್ಲಿ ಸುಮಾರು 11. ಹೃದಯಾಘಾತವೂ ಬೈಪಾಸ್ ಆದವರಲ್ಲಿ ಅರ್ಧಕ್ಕಿಂತ ಕಡಿಮೆ. ಲಕ್ವಾ ಹೊಡೆದದ್ದು ಮಾತ್ರ ಬೈಪಾಸ್‌ನಲ್ಲೇ ಜಾಸ್ತಿ, ನೂರಕ್ಕೆ ಐದು. ಸ್ಟೆಂಟ್‌ನಲ್ಲಿ ಎರಡೂವರೆಗಿಂತ ಕಡಿಮೆ.

ಕಾರಣ ರೈತರಿಗೆ ಬೇಗ ತಿಳಿಯುತ್ತದೆ. ಸ್ಟೆಂಟ್ ಅಂದರೆ ಕಾಲುವೆಯಲ್ಲಿ ಹೂಳು ಕಟ್ಟಿದ ಒಂದು ಜಾಗದ ರಿಪೇರಿ. ಬೈಪಾಸ್ ಅಂದರೆ ಹೂಳು ದಾಟಿ ಕೆಳಗಿನ ಹೊಲಕ್ಕೆ ಜೋಡಿಸಿದ ಹೊಸ ಕಾಲುವೆ. ಸಕ್ಕರೆ ಕಾಯಿಲೆಯಲ್ಲಿ ನಾಳ ಉದ್ದಕ್ಕೂ ಕೆಡುತ್ತ ಹೋಗುತ್ತದೆ. (1967ರಲ್ಲಿ ಅಮೆರಿಕದಲ್ಲಿ ಬೈಪಾಸ್‌ಗೆ ದಾರಿ ತೆರೆದ ರೆನೆ ಫವಲೋರೊ, ಅದಕ್ಕೂ ಮೊದಲು ಅರ್ಜೆಂಟೀನಾದಲ್ಲಿ ಹಳ್ಳಿ ಡಾಕ್ಟರಾಗಿದ್ದವರು.)

ಬೈಪಾಸ್ ಸುಲಭವೆಂದು ನಾವು ಹೇಳುವುದಿಲ್ಲ. ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಮೂಟೆ ಎತ್ತುವಂತಿಲ್ಲ. ಕೂಲಿ ಮಾಡುವ ಮನೆಗೆ ಅದು ದೊಡ್ಡ ಪೆಟ್ಟು. ಸ್ಟೆಂಟ್ ಆದವರು ಕೆಲವೇ ದಿನದಲ್ಲಿ ಓಡಾಡುತ್ತಾರೆ, ಆದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಟ್ಟರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ದುಡ್ಡಿಲ್ಲವೆಂದು ಆ ಮಾತ್ರೆ ನಿಲ್ಲಿಸಿದವರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ.

ಆದ್ದರಿಂದ ಸಹಿಗೆ ಮೊದಲು ಕೇಳಿ: ಇದು ಹೃದಯಾಘಾತವೇ? ಬ್ಲಾಕ್ ಎಷ್ಟು, ಯಾವ ನಾಳದಲ್ಲಿ? ಆಪರೇಷನ್ ಮಾಡುವ ಸರ್ಜನ್ ಏನಂತಾರೆ? ಸರ್ಜನ್ ಮಾತು ಕೇಳಿಸದೆ ಸಕ್ಕರೆ ಕಾಯಿಲೆಯವರಿಗೆ ಮೂರು ಮೂರು ಸ್ಟೆಂಟ್ ಹಾಕುವ ಆಸ್ಪತ್ರೆಗಳ ರೂಢಿ ನಿಲ್ಲಬೇಕು. ಅವಸರವಿಲ್ಲ ಅಂದರೆ ಆಂಜಿಯೋಗ್ರಾಂ ಸಿಡಿ ಇಸಿದುಕೊಳ್ಳಿ. ಬೆಂಗಳೂರು, ಮೈಸೂರು, ಕಲಬುರಗಿಯ ಜಯದೇವ ಆಸ್ಪತ್ರೆಗಳಲ್ಲಿ ಸ್ಟೆಂಟ್ ಹಾಕುವವರೂ ಬೈಪಾಸ್ ಮಾಡುವವರೂ ಒಂದೇ ಸೂರಿನಡಿ ಇದ್ದಾರೆ. ಅಲ್ಲಿ ತೋರಿಸಿ, ಆಮೇಲೆ ಸಹಿ ಮಾಡಿ.