ಅಂಕ ಬಂತು, ಉತ್ತರ ಪತ್ರಿಕೆ ಎಲ್ಲಿ?

ಫಲಿತಾಂಶ ಬಂದ ದಿನ ಹಾನಗಲ್ಲಿನ ಕಾಲೇಜಾಗಲಿ, ಹಿರೇಕೆರೂರಿನದಾಗಲಿ, ಕೇಳಿಬರುವುದು ಒಂದೇ ಮಾತು: ‘ಎಷ್ಟು ಬಿತ್ತು?’ ಎಲ್ಲಿ ತಪ್ಪಿತು, ಯಾಕೆ ತಪ್ಪಿತು ಎಂದು ಕೇಳುವವರು ಕಡಿಮೆ. ಕೇಳಬೇಕೆಂದರೂ ಉತ್ತರ ಪತ್ರಿಕೆ ಕೈಯಲ್ಲಿರುವುದಿಲ್ಲ. ಮೊಬೈಲಿನಲ್ಲಿ ಒಂದು ಸಂಖ್ಯೆ ಬರುತ್ತದೆ, ಅಲ್ಲಿಗೆ ಆ ಸೆಮಿಸ್ಟರ್ ಮುಗಿಯಿತು. ಮುಂದಿನ ಸೆಮಿಸ್ಟರಿನಲ್ಲಿ ಅದೇ ತಪ್ಪು ಮತ್ತೆ ಬರುತ್ತದೆ.

ನಮ್ಮ ರೈತರಿಗೆ ಇದು ಬೇಗ ಅರ್ಥವಾಗುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿ ಯೋಜನೆ ತಂದಿತು. ಆ ಚೀಟಿ ‘ನಿಮ್ಮ ಹೊಲಕ್ಕೆ ನೂರಕ್ಕೆ 42’ ಎಂದು ಹೇಳಿ ಸುಮ್ಮನಾಗುವುದಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್, ಸತು ಸೇರಿ 12 ಅಂಶಗಳನ್ನು ಬೇರೆ ಬೇರೆ ಬರೆದು, ಯಾವುದು ಕಡಿಮೆಯಿದೆ, ಎಷ್ಟು ಗೊಬ್ಬರ ಹಾಕಬೇಕು ಎಂದು ತಿಳಿಸುತ್ತದೆ. ಗೋವಿನಜೋಳ ಬಿತ್ತುವ ಮೊದಲು ಅದು ಕೈಗೆ ಬಂದರೆ ಉಪಯೋಗ. ರಾಶಿ ಮಾಡಿದ ಮೇಲೆ ಬಂದರೆ ಏನು ಪ್ರಯೋಜನ? ಮಕ್ಕಳ ಓದಿಗೂ ಬೇಕಾದದ್ದು ಇಂಥದೇ ಚೀಟಿ.

ಸೆಮಿಸ್ಟರ್ ಪರೀಕ್ಷೆಯ ಪತ್ರಿಕೆ ಮೌಲ್ಯಮಾಪನಕ್ಕೆ ಹೊರಗೆ ಹೋಗುತ್ತದೆ, ಸರಿ. ಆದರೆ ಆಂತರಿಕ ಪರೀಕ್ಷೆ, ಅಸೈನ್‌ಮೆಂಟ್ ನಮ್ಮ ಕಾಲೇಜಿನಲ್ಲೇ ತಿದ್ದುವಂಥವು. ಅವು ಕಪಾಟಿನಲ್ಲಿ ಧೂಳು ತಿನ್ನುತ್ತ ಬಿದ್ದರೆ ಪರೀಕ್ಷೆ ನಡೆಸಿ ಫಲವೇನು? ತಿದ್ದಿದ ಪತ್ರಿಕೆ ವಾರದೊಳಗೆ ವಿದ್ಯಾರ್ಥಿಯ ಕೈ ಸೇರಬೇಕು. ಅದರ ಮೇಲೆ ಎರಡು ಸಾಲಾದರೂ ಇರಬೇಕು: ಏನು ಚೆನ್ನಾಗಿದೆ, ಮುಂದಿನ ಸಲ ಏನು ಬದಲಾಗಬೇಕು. ಇದು ನಮ್ಮ ಬೇಡಿಕೆ.

ಎಂಬತ್ತು ಪತ್ರಿಕೆಗೆ ಎರಡೆರಡು ಸಾಲು ಬರೆಯಲು ಸಮಯ ಎಲ್ಲಿದೆ ಎಂದು ಉಪನ್ಯಾಸಕರು ಕೇಳಬಹುದು. ಆ ಮಾತಿನಲ್ಲಿ ನ್ಯಾಯವಿದೆ. ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ, ಅವರ ಕೆಲಸಕ್ಕೇ ಭದ್ರತೆಯಿಲ್ಲ. ಹಾಗಾದರೆ ಇಡೀ ತರಗತಿಗೆ ಒಂದು ಅವಧಿ ಕೊಡಲಿ. ಹೆಚ್ಚು ಜನ ಮಾಡಿದ ಐದು ತಪ್ಪುಗಳನ್ನು, ಯಾರ ಹೆಸರನ್ನೂ ಹೇಳದೆ, ಬೋರ್ಡಿನ ಮೇಲೆ ಬರೆದು ಸರಿಮಾಡಿ ತೋರಿಸಲಿ.

ಉಳಿದರ್ಧ ಕೆಲಸ ವಿದ್ಯಾರ್ಥಿಗಳದು. ಕೆಂಪು ಶಾಯಿ ಕಂಡ ಕೂಡಲೇ ಪತ್ರಿಕೆ ಮಡಚಿ ಚೀಲಕ್ಕೆ ತುರುಕಬೇಡಿ. ಮರುದಿನ ಬಸ್ಸಿನಲ್ಲಿ ಕೂತು ಮತ್ತೆ ಓದಿ. ‘ಸರ್, ಅಂಕ ಯಾಕೆ ಕಡಿಮೆ?’ ಎಂದು ಕೇಳಿದರೆ ಸಮಜಾಯಿಷಿ ಸಿಗುತ್ತದೆ. ‘ಮೇಡಂ, ಈ ಉತ್ತರದಲ್ಲಿ ಉದಾಹರಣೆ ಎಲ್ಲಿ ಬರಬೇಕಿತ್ತು?’ ಎಂದು ಕೇಳಿದರೆ ಪಾಠ ಸಿಗುತ್ತದೆ. ಆಮೇಲೆ ಆ ಒಂದು ಉತ್ತರವನ್ನು ಮತ್ತೆ ಬರೆದು ತೋರಿಸಿ. ಕೈಯಿಂದ ಮತ್ತೆ ಬರೆದಾಗಲೇ ತಿದ್ದುಪಡಿ ತಲೆಯಲ್ಲಿ ನಿಲ್ಲುವುದು.

ತಿದ್ದುವವರು ಮೇಷ್ಟ್ರೇ ಆಗಬೇಕೆಂದಿಲ್ಲ. 1909ರಲ್ಲಿ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಧಾರವಾಡದಲ್ಲಿ ಓದುವಾಗ ಬೇಂದ್ರೆಯವರ ಗೆಳೆಯರ ಗುಂಪು ಸೇರಿದರು. ಬರೆದದ್ದನ್ನು ಒಬ್ಬರ ಮುಂದೊಬ್ಬರು ಓದಿ ಚರ್ಚಿಸುವ ಕೂಟ ಅದು. ಮುಂದೆ ಬೇಂದ್ರೆಯವರಿಗೂ ಗೋಕಾಕರಿಗೂ ಜ್ಞಾನಪೀಠ ಬಂತು. ಎಲ್ಲರೂ ಗೋಕಾಕರಾಗಬೇಕಿಲ್ಲ. ಶಿಗ್ಗಾವಿಯ ಬಸ್ ನಿಲ್ದಾಣದಲ್ಲಿ ಕಾಯುವ ಅರ್ಧ ತಾಸಿನಲ್ಲಿ ಮೂವರು ಗೆಳತಿಯರು ಪತ್ರಿಕೆ ಅದಲುಬದಲು ಮಾಡಿಕೊಂಡು ಓದಬಹುದಲ್ಲ?

ಇನ್ನು ಸೆಮಿಸ್ಟರ್ ಪತ್ರಿಕೆ. ತಿದ್ದಿದ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕು ಕಾಯ್ದೆಯಡಿ ನೋಡುವ, ಪ್ರತಿ ಪಡೆಯುವ ಹಕ್ಕು ಪರೀಕ್ಷೆ ಬರೆದವರಿಗಿದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲೇ, ಸಿಬಿಎಸ್‌ಇ ಕಕ್ಷಿಯಾಗಿದ್ದ ಪ್ರಕರಣದಲ್ಲಿ ಹೇಳಿದೆ. ನಾಲ್ಕು ಅಂಕ ಹೆಚ್ಚಿಸಿಕೊಳ್ಳಬೇಕಾದಾಗ ಮಾತ್ರ ನಮಗೆ ಪತ್ರಿಕೆಯ ಪ್ರತಿ ನೆನಪಾಗುತ್ತದೆ. ಕಲಿಯಲೂ ಅದನ್ನು ಪಡೆಯಬಹುದು.

ಕೂಲಿ ಮಾಡಿ, ಸಾಲ ಮಾಡಿ ಓದಿಸುವ ಮನೆಗಳು ನಮ್ಮ ಭಾಗದಲ್ಲಿ ಬಹಳ. ಅಂಥ ಮನೆಯ ಹುಡುಗಿಗೆ ಎರಡು ವಿಷಯ ಬಾಕಿ ಉಳಿದರೆ, ‘ಓದಿದ್ದು ಸಾಕು’ ಎನ್ನಲು ಅಷ್ಟೇ ನೆಪ ಸಾಕು. ಎಲ್ಲಿ ತಪ್ಪಿತೆಂದು ತಿಳಿದಿದ್ದರೆ ಆಕೆ ಪಾಸಾಗುತ್ತಿದ್ದಳೇನೋ. ಆದ್ದರಿಂದ ಈ ಸಲದ ಆಂತರಿಕ ಪರೀಕ್ಷೆ ಮುಗಿದ ಮರುದಿನವೇ, ಅಂಜದೆ, ಗೌರವದಿಂದ ಕೇಳಿ: ‘ಸರ್, ನಮ್ಮ ಪೇಪರ್ ಯಾವಾಗ ಕೊಡ್ತೀರ್ರಿ?’