ಕಾಣದ ಕೈ ಎತ್ತುವ ಚೀಟಿ

ಊರ ಜಗಲಿಯಲ್ಲಿ ಚೀಟಿ ಎತ್ತುವುದಕ್ಕೊಂದು ಕ್ರಮವಿತ್ತು. ಹೆಸರುಗಳನ್ನು ಎಲ್ಲರೆದುರು ಬರೆದು, ಒಂದೇ ಅಳತೆಗೆ ಮಡಿಚಿ, ತಂಬಿಗೆಯಲ್ಲಿ ಕುಲುಕಿ, ಪುಟ್ಟ ಮಗುವಿನ ಕೈಯಲ್ಲಿ ಎತ್ತಿಸುತ್ತಿದ್ದರು. ಸೋತವನು ಹಣೆಬರಹವನ್ನು ಬೈದುಕೊಳ್ಳುತ್ತಿದ್ದನೇ ಹೊರತು ಚೀಟಿ ಎತ್ತಿಸಿದವರ ಮೇಲೆ ಗುಮಾನಿಪಡುತ್ತಿರಲಿಲ್ಲ. ಆ ತಂಬಿಗೆಯ ಜಾಗಕ್ಕೆ ಈಗ ಕಂಪ್ಯೂಟರ್ ಬಂದಿದೆ. ಅದು ಎತ್ತಿದ್ದನ್ನು ನಂಬಬೇಕು, ಎತ್ತುವುದನ್ನು ನೋಡುವ ಹಾಗಿಲ್ಲ. ನೋಡುವ ಹಕ್ಕು ಕೈತಪ್ಪುತ್ತಿದ್ದರೂ ಕೇಳುವವರಿಲ್ಲ.

ಇದರ ಫಲವನ್ನು ಅಮೆರಿಕದ ಅಯೋವಾ ರಾಜ್ಯ ಉಂಡಿದೆ. ಹಲವು ರಾಜ್ಯಗಳು ಕೂಡಿ ನಡೆಸುತ್ತಿದ್ದ ಹಾಟ್ ಲೊಟ್ಟೊ ಲಾಟರಿಯಲ್ಲಿ 2010ರ ಡಿಸೆಂಬರ್ 29ರಂದು 1.65 ಕೋಟಿ ಡಾಲರ್ ಗೆದ್ದ ಟಿಕೆಟಿಗೆ ಹೆಚ್ಚುಕಡಿಮೆ ಒಂದು ವರ್ಷ ವಾರಸುದಾರರೇ ಇರಲಿಲ್ಲ. ಗಡುವಿಗೆ ಕೆಲವೇ ಗಂಟೆಗಳಿರುವಾಗ ಬೆಲೀಜ್ ದೇಶದ ಟ್ರಸ್ಟೊಂದರ ಹೆಸರಿನಲ್ಲಿ ಟಿಕೆಟ್ ಬಂತು. ಕೊಂಡವರು ಯಾರೆಂದು ಹೇಳದ್ದರಿಂದ ಹಣ ಕೊಡಲಿಲ್ಲ. 2014ರಲ್ಲಿ ಆ ಟಿಕೆಟ್ ಮಾರಿದ ಅಂಗಡಿಯ ಕ್ಯಾಮೆರಾ ದೃಶ್ಯವನ್ನು ಬಿಡುಗಡೆ ಮಾಡಿದಾಗ ಸಹೋದ್ಯೋಗಿಗಳು ದನಿಯಿಂದಲೇ ಆಳನ್ನು ಗುರುತಿಸಿದರು. ಆತ ಎಡ್ಡಿ ಟಿಪ್ಟನ್, ಅದೇ ಲಾಟರಿ ಒಕ್ಕೂಟದ ಮಾಹಿತಿ ಭದ್ರತೆಯ ಮುಖ್ಯಸ್ಥ! ಸಂಖ್ಯೆ ಎತ್ತುವ ತಂತ್ರಾಂಶಕ್ಕೆ ಆತ ತನ್ನದೊಂದು ತುಣುಕು ಸೇರಿಸಿದ್ದ. ವರ್ಷದ ಮೂರು ದಿನ, ಅದೂ ವಾರ ಮತ್ತು ಹೊತ್ತು ಕೂಡಿಬಂದರೆ ಮಾತ್ರ, ಯಂತ್ರ ಮೊದಲೇ ಲೆಕ್ಕಹಾಕಬಲ್ಲ ಸಂಖ್ಯೆಗಳನ್ನು ಕೊಡುತ್ತಿತ್ತು. ಉಳಿದ ದಿನ ಚೊಕ್ಕ. ಪರೀಕ್ಷಕರು ನೋಡಿದಾಗಲೂ ಚೊಕ್ಕ. ಬೇರೆ ನಾಲ್ಕು ರಾಜ್ಯಗಳಲ್ಲೂ ಆತ ಕೈಚಳಕ ತೋರಿದ್ದು ಆಮೇಲೆ ಬಯಲಾಗಿ, 2017ರಲ್ಲಿ 25 ವರ್ಷಗಳವರೆಗಿನ ಶಿಕ್ಷೆಯಾಯಿತು. ಅಂಗಡಿಯ ಕ್ಯಾಮೆರಾ ಇರದಿದ್ದರೆ?

ನಮ್ಮ ಬ್ಯಾಂಕ್ ವ್ಯವಹಾರದ ಗುಟ್ಟು ಕಾಯುವುದೂ ಕಂಪ್ಯೂಟರ್ ಹೀಗೆ ಎತ್ತುವ, ಊಹೆಗೆ ಸಿಗಬಾರದ ಸಂಖ್ಯೆಗಳೇ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ ಅಂಥ ಸಂಖ್ಯೆ ಹುಟ್ಟಿಸಲು 2006ರಲ್ಲಿ ಒಪ್ಪಿದ ಡ್ಯುಯಲ್ ಇ.ಸಿ. ವಿಧಾನದಲ್ಲಿ ಹಿಂಬಾಗಿಲು ಇರಬಹುದೆಂದು ಇಬ್ಬರು ತಜ್ಞರು ಮರುವರ್ಷವೇ ತೋರಿಸಿದ್ದರು. ಅಮೆರಿಕದ ಬೇಹುಗಾರಿಕೆಯ ಗುಟ್ಟು ರಟ್ಟುಮಾಡಿದ ಎಡ್ವರ್ಡ್ ಸ್ನೋಡೆನ್ ದಾಖಲೆಗಳು ಹೊರಬಿದ್ದ ಮೇಲೆ, 2014ರಲ್ಲಿ, ಅದನ್ನು ಕೈಬಿಟ್ಟರು.

ಕಣ್ಣೆದುರು ಎತ್ತಿದ ಚೀಟಿಯೂ ತಪ್ಪುವುದುಂಟು, ಒಪ್ಪಬೇಕು. ವಿಯೆಟ್ನಾಂ ಯುದ್ಧಕ್ಕೆ ಯುವಕರನ್ನು ಆರಿಸಲು 1969ರ ಡಿಸೆಂಬರ್ 1ರಂದು ಜನ್ಮದಿನಗಳನ್ನು ತುಂಬಿದ 366 ಗುಳಿಗೆಗಳನ್ನು ಅಮೆರಿಕನ್ನರು ಟಿವಿ ಎದುರು ಎತ್ತಿದರು. ಸರಿಯಾಗಿ ಕುಲುಕಿರಲಿಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರ ಸರದಿ ಬೇಗ ಬಂತು. ಆದರೆ ಪೂರ್ತಿ ಪಟ್ಟಿ ಜನರ ಕೈಯಲ್ಲಿತ್ತು. ಸಂಖ್ಯಾಶಾಸ್ತ್ರಜ್ಞರು ತಪ್ಪು ಹಿಡಿದರು, ಮುಂದಿನ ವರ್ಷ ಕ್ರಮ ಬದಲಾಯಿತು.

ಕಂಪ್ಯೂಟರಿನ ತಂಬಿಗೆಯನ್ನೂ ಜಗಲಿಗೆ ತರಬಹುದು. ಯಾರ ಊಹೆಗೂ ಸಿಗದ ಸಂಖ್ಯೆಯೊಂದನ್ನು ನಿಮಿಷಕ್ಕೊಮ್ಮೆ ಬಹಿರಂಗವಾಗಿ ಪ್ರಕಟಿಸುವ ವ್ಯವಸ್ಥೆಯನ್ನು ಅದೇ ನಿಸ್ಟ್ 2013ರಲ್ಲಿ ಆರಂಭಿಸಿತು. ಒಂದೇ ಸಂಸ್ಥೆಯನ್ನು ನಂಬಲೊಲ್ಲೆವು ಎನ್ನುವವರಿಗೆ 2019ರಲ್ಲಿ ಡಿರಾಂಡ್ ಜಾಲ ಬಂತು. ಅಲ್ಲಿ ಹಲವು ಸಂಸ್ಥೆಗಳು ಕೈಜೋಡಿಸಿದರೆ ಮಾತ್ರ ಸಂಖ್ಯೆ ಹುಟ್ಟುತ್ತದೆ. ಯಾರೊಬ್ಬರಿಗೂ ಅದು ಮುಂದಾಗಿ ತಿಳಿಯದು.

ನಮ್ಮ ರಾಜ್ಯದಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಸೀಟುಗಳನ್ನು ಆನ್‌ಲೈನ್ ಲಾಟರಿಯಲ್ಲೇ ಹಂಚುತ್ತಾರೆ. ಅಲ್ಲಿ ಮೋಸವಾಗಿದೆಯೆಂದು ನಾವು ಹೇಳುತ್ತಿಲ್ಲ. ಮಗಳಿಗೆ ಸೀಟು ಸಿಗದ ತಾಯಿ ‘ಹೇಗೆ ಎತ್ತಿದಿರಿ?’ ಎಂದರೆ ತೋರಿಸಲು ಏನಾದರೂ ಇರಬೇಕು. ಅರ್ಜಿಗಳ ಕ್ರಮಸಂಖ್ಯೆಗಳೂ ತಂತ್ರಾಂಶವೂ ಹಿಂದಿನ ದಿನವೇ ಪ್ರಕಟವಾಗಲಿ. ಯಾವ ನಿಮಿಷದ ಬಹಿರಂಗ ಸಂಖ್ಯೆಯಿಂದ ಲೆಕ್ಕ ಶುರುವಾಗುತ್ತದೆಂದು ಮೊದಲೇ ಸಾರಲಿ. ಆಗ ಬೀದಿಯ ಸೈಬರ್ ಸೆಂಟರಿನ ಹುಡುಗನೇ ಆ ಲೆಕ್ಕವನ್ನು ಮತ್ತೆ ಮಾಡಿ, ಅದೇ ಹೆಸರುಗಳು ಬರುತ್ತವೆಯೇ ಎಂದು ಆ ತಾಯಿಗೆ ತೋರಿಸಬಲ್ಲ.